ಕಾವಲುಗಾರನನ್ನು ಕಾಯುವವರು ಯಾರು?

2020ನೆಯ ಇಸವಿಯ ಏಪ್ರಿಲ್ 5, ಭಾನುವಾರ. ಕೊರೋನಾ ಪಿಡುಗಿಗೆ ಅಂಜಿ ದೇಶವೆಲ್ಲ ಬಾಗಿಲು ಮುಚ್ಚಿ ಮನೆಯೊಳಗೆ ಕುಳಿತಿದ್ದ ದಿನಗಳು. ರಾತ್ರಿ 9 ಗಂಟೆಗೆ ಸರಿಯಾಗಿ, ಒಂಬತ್ತು ನಿಮಿಷಗಳ ಕಾಲ ವಿದ್ಯುದ್ದೀಪಗಳನ್ನು ಆರಿಸಿ ಹಣತೆಯನ್ನೋ ಮೇಣದ ಬತ್ತಿಯನ್ನೋ ಹಚ್ಚಬೇಕೆಂದು ಪ್ರಧಾನಮಂತ್ರಿಗಳು ಕರೆ ನೀಡಿದ್ದರು. ಮುಂಬಯಿಯ ಚಾಳುಗಳ ಮೊಗಸಾಲೆಗಳಲ್ಲಿ, ದೆಹಲಿಯ ಬಹುಮಹಡಿ ಕಟ್ಟಡಗಳ ಬಾಲ್ಕನಿಗಳಲ್ಲಿ, ಚೆನ್ನೈ, ಹೈದರಾಬಾದುಗಳ ಮನೆಯಂಗಳಗಳಲ್ಲಿ ಅಕಾಲದ ದೀಪಾವಳಿ ಬೆಳಗಿತು. ದೀಪ ಹಚ್ಚಿದವರಿಗೆ ಅದು ಭಾವುಕವಾದ ಗಳಿಗೆ. ಆದರೆ ಅದೇ ಗಳಿಗೆಯಲ್ಲಿ, ದೇಶದ ಕೆಲವೇ ಕೊಠಡಿಗಳಲ್ಲಿ ಕುಳಿತಿದ್ದ ಕೆಲವೇ ಮಂದಿ ಇಂಜಿನಿಯರುಗಳು ಉಸಿರು ಬಿಗಿಹಿಡಿದು ಎದುರಿನ ಪರದೆಗಳನ್ನು ದಿಟ್ಟಿಸುತ್ತಿದ್ದರು.

ದೀಪಗಳು ಆರುವುದರಿಂದ ದೇಶದ ವಿದ್ಯುತ್ ಬಳಕೆ 12,000ದಿಂದ 14,000 ಮೆಗಾವ್ಯಾಟುಗಳಷ್ಟು ಇಳಿಯಬಹುದೆಂದು ಅವರು ಲೆಕ್ಕ ಹಾಕಿದ್ದರು. ನಿಜವಾಗಿ ಇಳಿದದ್ದು ಸುಮಾರು 31,000 ಮೆಗಾವ್ಯಾಟ್! ಅಂದಾಜು ತಪ್ಪಿತು, ಆದರೆ ವ್ಯವಸ್ಥೆ ತಪ್ಪಲಿಲ್ಲ. ಜಲವಿದ್ಯುತ್ ಕೇಂದ್ರಗಳ ಉತ್ಪಾದನೆಯನ್ನು ಸರಸರನೆ ತಗ್ಗಿಸಿ, ದೀಪಗಳು ಮತ್ತೆ ಹತ್ತಿಕೊಳ್ಳತೊಡಗಿದಾಗ ಅಷ್ಟೇ ವೇಗವಾಗಿ ಏರಿಸಿ, ಆ ಸಂದಿಗ್ಧವನ್ನು ದಾಟಲಾಯಿತು. ಮರುದಿನ ಬೆಳಗ್ಗೆ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು, ಶೈತ್ಯಪೆಟ್ಟಿಗೆಯಲ್ಲಿ ಹಾಲು ಕೆಡದೆ ಉಳಿಯಿತು. ರಾತ್ರಿ ಏನು ನಡೆಯಿತೆಂದು ಹೆಚ್ಚಿನವರಿಗೆ ತಿಳಿಯಲೇ ಇಲ್ಲ.

ಆ ರಾತ್ರಿ ಇಂಜಿನಿಯರುಗಳ ಕೈ ಹಿಡಿದದ್ದು ಯಾವುದು? ಅವರ ಅನುಭವ, ಪೂರ್ವಸಿದ್ಧತೆ ನಿಜ. ಅದಕ್ಕೂ ಮೊದಲಿನದು ಇನ್ನೊಂದಿದೆ: ಎದುರಿಗಿದ್ದ ಪರದೆ ಸತ್ಯವನ್ನು ಹೇಳುತ್ತಿತ್ತು. ಪರದೆಯೇ ಸುಳ್ಳು ಹೇಳಿದ್ದರೆ? ಸುಳ್ಳು ಹೇಳುತ್ತಿದೆಯೆಂಬುದೂ ಯಾರಿಗೂ ಗೊತ್ತಾಗದಿದ್ದರೆ? ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. ಅಂಥದೊಂದು ಮಧ್ಯಾಹ್ನವನ್ನು ಲೋಕ ಕಂಡಿದೆ. ಅದನ್ನು ಅರಿಯುವ ಮುನ್ನ ಆ ಕೊಠಡಿಯ ಕೆಲಸವೇನೆಂಬುದನ್ನು ತಿಳಿಯುವುದು ಒಳ್ಳೆಯದು.

ಒಂದೇ ಮೇಟಿಗೆ ಕಟ್ಟಿದ ಎತ್ತುಗಳು

ಅಕ್ಕಿಯನ್ನು ಕಣಜದಲ್ಲಿ ತುಂಬಿಡಬಹುದು, ನೀರನ್ನು ಕೆರೆಯಲ್ಲಿ ನಿಲ್ಲಿಸಬಹುದು. ವಿದ್ಯುಚ್ಛಕ್ತಿಯ ರೀತಿ ಬೇರೆ. ಬ್ಯಾಟರಿಗಳಲ್ಲಿಯೂ ಮೇಲ್ಮಟ್ಟದ ಜಲಾಶಯಗಳಲ್ಲಿಯೂ ಕೂಡಿಡುವ ಅಲ್ಪಭಾಗವನ್ನು ಬಿಟ್ಟರೆ, ದೇಶ ಬಳಸುವ ವಿದ್ಯುತ್ತು ಬಳಸುವ ಕ್ಷಣದಲ್ಲಿಯೇ ತಯಾರಾಗಬೇಕು. ಹೈದರಾಬಾದಿನ ಮನೆಯೊಂದರಲ್ಲಿ ಮಿಕ್ಸಿಯ ಗುಂಡಿ ತಿರುಗಿಸಿದೊಡನೆ, ಎಲ್ಲಿಯೋ ಒಂದು ಉತ್ಪಾದನಾ ಯಂತ್ರ ಅಷ್ಟು ಹೆಚ್ಚಿನ ಭಾರವನ್ನು ಹೊರಬೇಕು.

ಸುಗ್ಗಿಯ ಕಣದಲ್ಲಿ ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳು ಒಂದೇ ಹೆಜ್ಜೆಯಲ್ಲಿ ಸುತ್ತುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತಾರೆ. ದೇಶದ ದೊಡ್ಡ ಉತ್ಪಾದನಾ ಯಂತ್ರಗಳೂ ಹಾಗೆಯೇ ಒಂದೇ ಲಯದಲ್ಲಿ ಸುತ್ತುತ್ತಿರುತ್ತವೆ. ಆ ಲಯಕ್ಕೆ ಆವರ್ತಾಂಕವೆಂದು ಹೆಸರು. ಭಾರತದಲ್ಲಿ ಅದು ಸೆಕೆಂಡಿಗೆ 50 ಆವರ್ತನೆ. ಬಳಕೆ ಹೆಚ್ಚಿ ಉತ್ಪಾದನೆ ಸಾಲದಾದರೆ ಎತ್ತುಗಳ ನಡಿಗೆ ನಿಧಾನವಾಗುತ್ತದೆ. ಬಳಕೆ ಕುಸಿದರೆ ಓಟ ಹೆಚ್ಚುತ್ತದೆ. ಈ ಲಯ 49.90ರಿಂದ 50.05ರ ಒಳಗೆ ಇರಬೇಕೆಂಬುದು ನಿಯಮ. ವೈದ್ಯರು ನಾಡಿ ಹಿಡಿದು ರೋಗಿಯ ಸ್ಥಿತಿಯನ್ನು ತಿಳಿಯುವಂತೆ, ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ಈ ಅಂಕಿಯನ್ನು ನೋಡಿ ಇಡೀ ಜಾಲದ ಆರೋಗ್ಯವನ್ನು ಅಳೆಯುತ್ತಾರೆ.

ಭಾರತದಲ್ಲಿ ಈ ಹೊಣೆ ಮೂರು ಹಂತಗಳಲ್ಲಿ ಹಂಚಿಕೆಯಾಗಿದೆ. ಪ್ರತಿ ರಾಜ್ಯಕ್ಕೂ ಒಂದು ಭಾರ ರವಾನೆ ಕೇಂದ್ರ. ಅದರ ಮೇಲೆ ದೆಹಲಿ, ಮುಂಬಯಿ, ಬೆಂಗಳೂರು, ಕೋಲ್ಕತ್ತ, ಶಿಲ್ಲಾಂಗುಗಳಲ್ಲಿ ಐದು ಪ್ರಾದೇಶಿಕ ಕೇಂದ್ರಗಳು. ಇವೆಲ್ಲಕ್ಕೂ ಮೇಲೆ, ದೆಹಲಿಯಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಭಾರ ರವಾನೆ ಕೇಂದ್ರ. ದಕ್ಷಿಣ ಭಾರತಕ್ಕೆಲ್ಲ ಬೆಂಗಳೂರಿನ ಕೇಂದ್ರವೇ ಕಾವಲುಗಾರ. 1902ರಲ್ಲಿ ಶಿವನಸಮುದ್ರದ ಕಾವೇರಿಯ ನೀರಿನಿಂದ ವಿದ್ಯುತ್ತು ತಯಾರಿಸಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ನಾಡಿಗೆ ಈ ಹೊಣೆ ಹೊಸದೇನೂ ಅಲ್ಲ. ಅಂದು ಒಂದು ನದಿ, ಒಂದು ಗಣಿ, ನಡುವೆ ಒಂದು ಹಾದಿ. ಇಂದು ಸಾವಿರಾರು ಉಪಕೇಂದ್ರಗಳು, ಲಕ್ಷಾಂತರ ಕಿಲೋಮೀಟರು ತಂತಿ. 2024ರ ಮೇ 30ರಂದು ದೇಶದ ಬೇಡಿಕೆ 2,50,000 ಮೆಗಾವ್ಯಾಟನ್ನು ಮುಟ್ಟಿತು. ಇದನ್ನು ಬರಿಗಣ್ಣಿನಿಂದ ಕಾಯುವುದು ಯಾರಿಂದಲೂ ಆಗದ ಕೆಲಸ.

ಆದುದರಿಂದ ಕಣ್ಣಿನ ಕೆಲಸವನ್ನು ಗಣಕಯಂತ್ರಗಳಿಗೆ ಒಪ್ಪಿಸಲಾಗಿದೆ. ಪ್ರತಿ ಉಪಕೇಂದ್ರದಲ್ಲಿಯೂ ಇರುವ ಸಾಧನವೊಂದು ಅಲ್ಲಿನ ವೋಲ್ಟೇಜು, ತಂತಿಯಲ್ಲಿ ಹರಿಯುವ ಪ್ರವಾಹ, ಸ್ವಿಚ್ಚುಗಳು ತೆರೆದಿವೆಯೋ ಮುಚ್ಚಿವೆಯೋ ಎಂಬ ವಿವರಗಳನ್ನು ಕೆಲವೇ ಸೆಕೆಂಡುಗಳಿಗೊಮ್ಮೆ ಕೇಂದ್ರಕ್ಕೆ ತಿಳಿಸುತ್ತಿರುತ್ತದೆ. ಬಂದ ಅಂಕಿಗಳಲ್ಲಿ ಒಂದಕ್ಕೊಂದು ತಾಳೆಯಾಗದವನ್ನು ಸೋಸಿ, ಜಾಲದ ನಿಜಸ್ಥಿತಿಯನ್ನು ಊಹಿಸಿ ಚಿತ್ರ ಬರೆಯುವ ಲೆಕ್ಕಾಚಾರವೊಂದಿದೆ. "ಈ ತಂತಿ ಈಗ ಕಡಿದುಹೋದರೆ ಮುಂದೇನು?" ಎಂದು ಮತ್ತೆ ಮತ್ತೆ ಕೇಳಿ ಉತ್ತರ ಕಂಡುಕೊಳ್ಳುವ ಲೆಕ್ಕಾಚಾರ ಇನ್ನೊಂದು. ಯಾವುದಾದರೂ ಅಂಕಿ ಮಿತಿ ದಾಟಿದರೆ ಗಂಟೆ ಬಾರಿಸಿ, ಕೆಂಪು ಅಕ್ಷರ ತೋರಿಸಿ ಎಚ್ಚರಿಸುವುದು ಮೂರನೆಯದು. ಈ ಮೂರನೆಯ ಸೇವಕ ಬಾಯಿ ಮುಚ್ಚಿದಾಗ ಆದದ್ದೇ ಮುಂದಿನ ಕಥೆ.

ಗಂಟೆ ಬಾರಿಸದ ಮಧ್ಯಾಹ್ನ

2003ರ ಆಗಸ್ಟ್ 14. ಅಮೆರಿಕದ ಒಹಾಯೋ ರಾಜ್ಯ. ಬೇಸಗೆಯ ಬಿಸಿಲು, ಆದರೆ ಅಸಾಧಾರಣವೆನ್ನುವಂಥದಲ್ಲ. ರಾಜ್ಯದ ಉತ್ತರ ಭಾಗಕ್ಕೆ ವಿದ್ಯುತ್ ಪೂರೈಸುತ್ತಿದ್ದ ಫಸ್ಟ್‌ಎನರ್ಜಿ ಎಂಬ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಎಂದಿನಂತೆ ಸಾಗಿತ್ತು. ಮಧ್ಯಾಹ್ನ 1 ಗಂಟೆ 31 ನಿಮಿಷಕ್ಕೆ ಈಸ್ಟ್‌ಲೇಕ್ ಎಂಬಲ್ಲಿನ ಒಂದು ಉತ್ಪಾದನಾ ಘಟಕ ನಿಂತುಹೋಯಿತು. ಇದೂ ಅಪರೂಪವಲ್ಲ.

2 ಗಂಟೆ 14 ನಿಮಿಷ. ಎಚ್ಚರಿಕೆ ನೀಡುವ ತಂತ್ರಾಂಶ ಸ್ತಬ್ಧವಾಯಿತು. ಗಂಟೆ ಬಾರಿಸಲಿಲ್ಲ, ದೀಪ ಮಿನುಗಲಿಲ್ಲ, "ನಾನು ನಿಂತಿದ್ದೇನೆ" ಎಂಬ ಒಂದು ಸಾಲೂ ಮೂಡಲಿಲ್ಲ. ಎಚ್ಚರಿಕೆಯ ಪಟ್ಟಿ ಖಾಲಿಯಿದ್ದುದನ್ನು ಕಂಡವರು "ಎಲ್ಲವೂ ಕ್ಷೇಮ" ಎಂದುಕೊಂಡರು. ಎಚ್ಚರಿಕೆ ಇಲ್ಲದಿರುವುದು ಬೇರೆ, ಎಚ್ಚರಿಸುವವನೇ ಇಲ್ಲದಿರುವುದು ಬೇರೆ. ಆದರೆ ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತಿದ್ದವು.

ಸಕ್ಕರೆ ಕಾಯಿಲೆ ಬಹುಕಾಲ ಕಾಡಿದವರ ಪಾದಗಳಲ್ಲಿ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುವುದುಂಟು. ಮುಳ್ಳು ಹೊಕ್ಕರೂ ನೋವಿಲ್ಲ, ನೋವಿಲ್ಲದ್ದರಿಂದ ಚಿಂತೆಯಿಲ್ಲ, ಚಿಂತೆಯಿಲ್ಲದ್ದರಿಂದ ಗಾಯ ಕೊಳೆಯುತ್ತದೆ. ಆದುದರಿಂದಲೇ ವೈದ್ಯರು ಅವರಿಗೆ, ನೋವಿರಲಿ ಬಿಡಲಿ, ದಿನವೂ ಪಾದವನ್ನು ಕಣ್ಣಾರೆ ನೋಡಿಕೊಳ್ಳಿರೆಂದು ಹೇಳುತ್ತಾರೆ. ಆ ಮಧ್ಯಾಹ್ನ ಒಹಾಯೋದ ವಿದ್ಯುಜ್ಜಾಲ ಇಂಥ ಪಾದವಾಗಿತ್ತು.

2 ಗಂಟೆ 32 ನಿಮಿಷಕ್ಕೆ ನೆರೆಯ ಕಂಪನಿಯಿಂದ ದೂರವಾಣಿ ಕರೆ ಬಂತು: ಇಬ್ಬರಿಗೂ ಸೇರಿದ ಒಂದು ತಂತಿ ಕೆಲವು ನಿಮಿಷಗಳ ಹಿಂದೆ ಬಿಟ್ಟುಕೊಂಡು ಮತ್ತೆ ಸೇರಿಕೊಂಡಿತಲ್ಲ, ಗಮನಿಸಿದಿರಾ ಎಂದು. ಫಸ್ಟ್‌ಎನರ್ಜಿಯವರ ಪರದೆಯಲ್ಲಿ ಅಂಥದೇನೂ ಕಂಡಿರಲಿಲ್ಲ. ಪರದೆಯನ್ನು ನಂಬಲಾಯಿತು, ಕರೆಯನ್ನಲ್ಲ.

2 ಗಂಟೆ 41ಕ್ಕೆ ಎಚ್ಚರಿಕೆಯ ತಂತ್ರಾಂಶವಿದ್ದ ಮುಖ್ಯ ಗಣಕಯಂತ್ರವೇ ಕುಸಿಯಿತು. ಇದಕ್ಕೆ ಬದಲಿ ಯಂತ್ರವಿತ್ತು. ಅದು ನಿಯಮದಂತೆ ಕೆಲಸವನ್ನು ವಹಿಸಿಕೊಂಡಿತು. ಆದರೆ ವಹಿಸಿಕೊಂಡದ್ದು ಏನನ್ನು? ಸ್ತಬ್ಧವಾಗಿದ್ದ ಅದೇ ತಂತ್ರಾಂಶವನ್ನು, ಅದೇ ಸ್ಥಿತಿಯಲ್ಲಿ! ಹದಿಮೂರು ನಿಮಿಷಗಳಲ್ಲಿ ಅದೂ ಮಲಗಿತು. ಸೆಕೆಂಡಿನಿಂದ ಮೂರು ಸೆಕೆಂಡಿನೊಳಗೆ ಬದಲಾಗಬೇಕಿದ್ದ ಪರದೆಯ ಚಿತ್ರಗಳು ಕೆಲವೊಮ್ಮೆ 59 ಸೆಕೆಂಡು ತೆಗೆದುಕೊಳ್ಳತೊಡಗಿದವು. ಗಣಕ ವಿಭಾಗದವರಿಗೆ ಸೂಚನೆ ಹೋಯಿತು. ಅವರು ಬಂದು 3 ಗಂಟೆ 8 ನಿಮಿಷದ ವೇಳೆಗೆ ಯಂತ್ರವನ್ನು ಮತ್ತೆ ಚಾಲೂ ಮಾಡಿದರು. ಯಂತ್ರ ಎದ್ದಿತು, ಅವರು ತೃಪ್ತರಾದರು. ಎಚ್ಚರಿಕೆಯ ವ್ಯವಸ್ಥೆ ಮರಳಿತೇ ಎಂದು ಪಕ್ಕದ ಕೊಠಡಿಯಲ್ಲಿ ಅದನ್ನು ಬಳಸುವವರನ್ನು ಕೇಳಲಿಲ್ಲ. ಅದು ಮರಳಿರಲಿಲ್ಲ.

ಅಷ್ಟರಲ್ಲಿ ಹೊರಗೆ, ಬಿಸಿಲಿನಲ್ಲಿ, ಬೇರೊಂದು ನಾಟಕ ನಡೆದಿತ್ತು. ಪ್ರವಾಹ ಹೆಚ್ಚಿದಾಗ ತಂತಿ ಕಾಯುತ್ತದೆ. ಕಾದಾಗ ಹಿಗ್ಗಿ ಜೋಲುತ್ತದೆ. ಕೆಳಗೆ ಸಕಾಲದಲ್ಲಿ ಸವರದೆ ಬಿಟ್ಟ ಮರಗಳು ಎತ್ತರ ಬೆಳೆದಿದ್ದವು. 3 ಗಂಟೆ 5ಕ್ಕೆ 345 ಕಿಲೋವೋಲ್ಟಿನ ಒಂದು ತಂತಿ ಮರಕ್ಕೆ ತಗುಲಿ ನಿಂತಿತು. ಅದು ಹೊರಬಲ್ಲ ಭಾರದ ಅರ್ಧದಷ್ಟೂ ಆಗ ಅದರ ಮೇಲಿರಲಿಲ್ಲ. ಅದು ಹೊತ್ತಿದ್ದ ಭಾರ ಉಳಿದವುಗಳ ಮೇಲೆ ಬಿತ್ತು. 3 ಗಂಟೆ 32ಕ್ಕೆ ಎರಡನೆಯದು, 3 ಗಂಟೆ 41ಕ್ಕೆ ಮೂರನೆಯದು. ಒಂದಕ್ಕೂ ಗಂಟೆ ಬಾರಿಸಲಿಲ್ಲ. ಇತರ ಹಲವು ನಿಯಂತ್ರಣ ಕೊಠಡಿಗಳಲ್ಲಿರುವಂತೆ, ಜಾಲದ ಸಮಗ್ರ ನಕ್ಷೆಯನ್ನು ತೋರುವ ಗೋಡೆಫಲಕವೂ ಆ ಕೊಠಡಿಯಲ್ಲಿರಲಿಲ್ಲ. ಹೊರಗಿನಿಂದ ಬರುತ್ತಿದ್ದ ದೂರವಾಣಿ ಕರೆಗಳಿಂದ ಸಂಶಯ ಬಲವಾಗಿ, "ನಮ್ಮ ಯಂತ್ರವೇ ಕೆಟ್ಟಿದೆ" ಎಂದು ಸಿಬ್ಬಂದಿಗೆ ಮನವರಿಕೆಯಾದಾಗ ಗಂಟೆ 3 ಹೊಡೆದು 42 ನಿಮಿಷವಾಗಿತ್ತು.

ಇವರ ಮೇಲೆ ಕಣ್ಣಿಡಬೇಕಾಗಿದ್ದ ಪ್ರಾದೇಶಿಕ ಸಂಸ್ಥೆಗೂ ಅಂದು ಕಣ್ಣು ಮಸುಕಾಗಿತ್ತು. ಜಾಲದ ಚಿತ್ರ ಬರೆಯುವ ಅಲ್ಲಿನ ಲೆಕ್ಕಾಚಾರ ಮಧ್ಯಾಹ್ನ ತಾಳೆ ತಪ್ಪಿದಾಗ, ದೋಷ ಹುಡುಕಲೆಂದು ಅದರ ಸ್ವಯಂಚಾಲನೆಯನ್ನು ನಿಲ್ಲಿಸಿದ್ದರು. ದೋಷ ತಿದ್ದಿದ ಮೇಲೆ ಸ್ವಯಂಚಾಲನೆಯನ್ನು ಮತ್ತೆ ಹಚ್ಚಲು ಮರೆತರು. ಒಂದು ಗುಂಡಿ, ಒಂದು ಮರೆವು!

ಆಗಲೂ ಪೂರ್ತಿ ಕೈಮೀರಿರಲಿಲ್ಲ. ಕ್ಲೀವ್‌ಲೆಂಡ್ ಮತ್ತು ಆಕ್ರನ್ ನಗರಗಳ ಸುತ್ತ ಸುಮಾರು 1,500 ಮೆಗಾವ್ಯಾಟ್ ಬಳಕೆಯನ್ನು ಬೇಕೆಂದೇ ಕಡಿತಗೊಳಿಸಿದ್ದರೆ ಅನಾಹುತ ತಪ್ಪಬಹುದಾಗಿತ್ತೆಂದು ತನಿಖೆ ಬಳಿಕ ಹೇಳಿತು. ಭಾರತದಲ್ಲಿ ಎಲ್ಲರೂ ಬೈಯುವ "ಲೋಡ್ ಶೆಡ್ಡಿಂಗ್" ಅಂದು ಅಲ್ಲಿ ಸಂಜೀವಿನಿಯಾಗುತ್ತಿತ್ತು. ಆದರೆ ಕಾಣದ ರೋಗಕ್ಕೆ ಔಷಧ ಕೊಡುವವರು ಯಾರು? 4 ಗಂಟೆ 6 ನಿಮಿಷದ ವೇಳೆಗೆ ಇನ್ನೊಂದು ಮುಖ್ಯ ತಂತಿ ನಿಂತಿತು. ಅಲ್ಲಿಂದ ಮುಂದಿನ ಏಳು ನಿಮಿಷಗಳಲ್ಲಿ ಎಂಟು ಅಮೆರಿಕನ್ ರಾಜ್ಯಗಳೂ ಕೆನಡಾದ ಒಂಟಾರಿಯೋ ಪ್ರಾಂತವೂ ಕುಸಿತದ ಸರಣಿಗೆ ಸಿಕ್ಕಿದವು. ಸುಮಾರು 5 ಕೋಟಿ ಜನರಿಗೆ ವಿದ್ಯುತ್ತಿಲ್ಲ. 265 ವಿದ್ಯುತ್ ಸ್ಥಾವರಗಳು ಸ್ತಬ್ಧ. ಕೆಲವೆಡೆ ನಾಲ್ಕು ದಿನಗಳವರೆಗೆ ವಿದ್ಯುತ್ತು ಮರಳಲಿಲ್ಲ.

ಇದನ್ನು ಕೇವಲ ದೀಪ ಆರಿದ ಕಥೆಯೆಂದು ಭಾವಿಸಬಾರದು. ಆ ದಿನಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಸಂಭವಿಸಿದ ಮರಣಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾಮಾನ್ಯಕ್ಕಿಂತ ಸುಮಾರು 90 ಹೆಚ್ಚು ಸಾವುಗಳಾದವೆಂದು ಅಂದಾಜು ಮಾಡಿತು. ಅಪಘಾತಗಳಿಂದ ಮಾತ್ರವಲ್ಲ, ಕಾಯಿಲೆಗಳಿಂದ ಸತ್ತವರ ಸಂಖ್ಯೆಯೂ ಏರಿತ್ತು. ವಿದ್ಯುತ್ತಿನ ಕಾವಲು ಆರೋಗ್ಯದ ಕಾವಲೂ ಹೌದು.

ಕಲಿತ ಪಾಠಗಳು

ತಂತ್ರಾಂಶದ ಆ ದೋಷವನ್ನು ಪತ್ತೆಹಚ್ಚಲು ತಜ್ಞರಿಗೆ ವಾರಗಳೇ ಹಿಡಿದವು. ಕಂಡದ್ದು ಸಣ್ಣ ವಿಷಯ. ಒಂದೇ ಖಾತೆ ಪುಸ್ತಕದ ಒಂದೇ ಸಾಲಿನಲ್ಲಿ ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಬರೆಯಹೋದರೆ ಲೆಕ್ಕ ಹೇಗೆ ಕಲಸುಮೇಲೋಗರವಾಗುವುದೋ ಹಾಗೆ, ತಂತ್ರಾಂಶದ ಎರಡು ಭಾಗಗಳು ಒಂದೇ ಮಾಹಿತಿಯ ಮೇಲೆ ಏಕಕಾಲಕ್ಕೆ ಕೈಯಿಟ್ಟಿದ್ದವು. ಲಕ್ಷಕ್ಕೊಮ್ಮೆ ಒದಗುವಂಥ ಯೋಗ. ಇಂಥ ದೋಷ ಯಾವ ತಂತ್ರಾಂಶದಲ್ಲಿಯೂ ಇರಲಾರದೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದುದರಿಂದ "ಕೆಡದ ಯಂತ್ರವನ್ನು ಹೇಗೆ ಮಾಡುವುದು" ಎಂಬುದಕ್ಕಿಂತ, "ಕೆಟ್ಟರೆ ಕೂಡಲೇ ತಿಳಿಯುವಂತೆ ಹೇಗೆ ಮಾಡುವುದು" ಎಂಬುದೇ ಹೆಚ್ಚಿನ ಪ್ರಶ್ನೆ.

ಇದಕ್ಕೆ ಮೊದಲನೆಯ ಉತ್ತರ ನಾಡಿಮಿಡಿತ. ಎಚ್ಚರಿಸುವ ತಂತ್ರಾಂಶ, ಎಚ್ಚರಿಸಲು ಏನೂ ಇಲ್ಲದಿದ್ದಾಗಲೂ, ಕೆಲವು ಸೆಕೆಂಡುಗಳಿಗೊಮ್ಮೆ "ಇದ್ದೇನೆ" ಎಂದು ಇನ್ನೊಂದು ಪ್ರತ್ಯೇಕ ಯಂತ್ರಕ್ಕೆ ತಿಳಿಸುತ್ತಿರಬೇಕು. ಆ ದನಿ ನಿಂತೊಡನೆ ಈ ಎರಡನೆಯ ಯಂತ್ರ ಗಂಟೆ ಬಾರಿಸಬೇಕು. ಮೌನವನ್ನು ಕ್ಷೇಮವೆಂದಲ್ಲ, ಅಪಾಯವೆಂದು ಎಣಿಸುವ ಏರ್ಪಾಡು ಇದು. ಹಾಗೆಯೇ ಪರದೆಯ ಮೇಲಿನ ಅಂಕಿ ಹಳೆಯದಾದರೆ ಅದರ ಬಣ್ಣವಾದರೂ ಬದಲಾಗಬೇಕು. ಹಳಸಿದ ಅನ್ನವನ್ನು ಹೊಸ ಎಲೆಯಲ್ಲಿ ಬಡಿಸಬಾರದು.

ಎರಡನೆಯದು ಬದಲಿ ವ್ಯವಸ್ಥೆಯ ಸ್ವಾತಂತ್ರ್ಯ. ಮೊದಲನೆಯದರ ರೋಗವೇ ಎರಡನೆಯದಕ್ಕೂ ತಗುಲುವುದಾದರೆ ಅದು ಬದಲಿಯಲ್ಲ, ನೆರಳು. ಒಂದೇ ಕಟ್ಟಡದಲ್ಲಿ ಎರಡು ಯಂತ್ರಗಳಿದ್ದರೆ ಬೆಂಕಿಯಿಂದಲೂ ಪ್ರವಾಹದಿಂದಲೂ ರಕ್ಷಣೆಯಿಲ್ಲ. ದೆಹಲಿಯ ರಾಷ್ಟ್ರೀಯ ಕೇಂದ್ರಕ್ಕೆ ಬದಲಿ ಕೇಂದ್ರವನ್ನು ಕೋಲ್ಕತ್ತದಲ್ಲಿ ಇರಿಸಿರುವುದು ಇದೇ ಕಾರಣದಿಂದ. ಅಲ್ಲದೆ, ಬದಲಿಯನ್ನು ಬೀಗ ಹಾಕಿಟ್ಟರೆ ಸಾಲದು. ಆಗಾಗ ನಿಜವಾಗಿಯೂ ಅದರ ಮೇಲೆ ಭಾರ ಹಾಕಿ ನಡೆಸಿ ನೋಡಬೇಕು. ವರ್ಷಗಟ್ಟಲೆ ಮುಟ್ಟದ ಕೊಡೆ ಮಳೆಯ ದಿನ ತೆರೆದೀತೆಂಬ ಭರವಸೆಯಿಲ್ಲ.

ಮೂರನೆಯದು ಮಾತು. ಯಂತ್ರ ಸರಿಮಾಡುವವರು ಕೆಲಸ ಮುಗಿಸಿದ ಮೇಲೆ, ಅದನ್ನು ಬಳಸುವವರ ಬಳಿಗೆ ಹೋಗಿ "ನಿಮಗೆ ಎಲ್ಲವೂ ಕಾಣುತ್ತಿದೆಯೇ?" ಎಂದು ಕೇಳಬೇಕು. ದುರಸ್ತಿಗೆಂದು ಏನನ್ನು ನಿಲ್ಲಿಸಿದರೋ ಅದನ್ನು ಮತ್ತೆ ಹಚ್ಚುವವರೆಗೂ ಅದು ಒಬ್ಬರ ಹೆಸರಿನಲ್ಲಿ ಪುಸ್ತಕದಲ್ಲಿ ನಮೂದಾಗಿರಬೇಕು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಹೊಲಿಗೆ ಹಾಕುವ ಮುನ್ನ ಉಪಕರಣಗಳನ್ನು ಎಣಿಸುವಂತೆಯೇ ಇದು.

ನಾಲ್ಕನೆಯದು ಅಂಕಿಗಳ ಮೋಹದಿಂದ ಬಿಡುಗಡೆ. ನೂರಕ್ಕೆ 99.9 ಪಾಲು ಕಾಲ ಸರಿಯಾಗಿ ನಡೆಯುವ ಯಂತ್ರವೆಂದರೆ ಕೇಳಲು ಇಂಪು. ಆದರೆ ವರ್ಷಕ್ಕೆ 8,760 ಗಂಟೆ. ಅದರಲ್ಲಿ ಸಾವಿರಕ್ಕೊಂದು ಪಾಲೆಂದರೆ ಸುಮಾರು ಎಂಟೂಮುಕ್ಕಾಲು ಗಂಟೆ. ಒಹಾಯೋದಲ್ಲಿ ತಂತ್ರಾಂಶ ಸ್ತಬ್ಧವಾದಂದಿನಿಂದ ಜಾಲ ಕುಸಿಯುವವರೆಗೆ ಹಿಡಿದದ್ದು ಎರಡು ಗಂಟೆ ಮಾತ್ರ. 99.99 ಪಾಲು ಎಂದರೂ ವರ್ಷದಲ್ಲಿ ಸುಮಾರು 53 ನಿಮಿಷ ಕುರುಡು. ಆ 53 ನಿಮಿಷ ಯಾವ ದಿನ ಬರುವುದೆಂಬುದನ್ನು ಯಾರೂ ಆರಿಸಿಕೊಳ್ಳಲಾರರು.

ಅಮೆರಿಕ ಈ ಪಾಠವನ್ನು ಕಾನೂನಿಗೆ ಇಳಿಸಿತು. 2005ರ ಶಾಸನದ ಬಲದಿಂದ, ಅದುವರೆಗೆ ಸ್ವಇಚ್ಛೆಗೆ ಬಿಟ್ಟಿದ್ದ ವಿಶ್ವಾಸಾರ್ಹತೆಯ ನಿಯಮಗಳು 2007ರಿಂದ ಕಡ್ಡಾಯವಾದವು. ತಪ್ಪಿದವರಿಗೆ ದಂಡವೂ ಬಂತು.

ಕಂಡರೂ ಕೇಳದಿದ್ದರೆ

ಕಣ್ಣು ಸರಿಯಾಗಿದ್ದ ಮಾತ್ರಕ್ಕೆ ಕಾವಲು ಪೂರ್ಣವಾಗದೆಂಬುದನ್ನು ಭಾರತ ತನ್ನ ಅನುಭವದಿಂದಲೇ ಕಲಿಯಿತು. 2012ರ ಜುಲೈ 30ರ ನಸುಕಿನಲ್ಲಿ, 2 ಗಂಟೆ 33 ನಿಮಿಷಕ್ಕೆ, ಬೀನಾ ಮತ್ತು ಗ್ವಾಲಿಯರ್‌ಗಳ ನಡುವಣ 400 ಕಿಲೋವೋಲ್ಟಿನ ತಂತಿ ನಿಂತುಹೋಯಿತು. ತಂತಿಗೆ ಯಾವ ದೋಷವೂ ಆಗಿರಲಿಲ್ಲ. ಮಿತಿಮೀರಿದ ಭಾರವನ್ನು ಕಂಡ ರಕ್ಷಣಾ ಸಾಧನ ಅದನ್ನೇ ದೋಷವೆಂದು ತಿಳಿದು ತಂತಿಯನ್ನು ಬಿಡಿಸಿತ್ತು. ಉತ್ತರ ಭಾರತ ಕತ್ತಲಲ್ಲಿ ಮುಳುಗಿತು. ಅದನ್ನು ಸರಿಪಡಿಸಿದ ಮರುದಿನವೇ, ಜುಲೈ 31ರ ಮಧ್ಯಾಹ್ನ 1 ಗಂಟೆಗೆ, ಉತ್ತರ, ಪೂರ್ವ, ಈಶಾನ್ಯ ಜಾಲಗಳು ಮೂರೂ ಕುಸಿದವು. ದೇಶದ ಅರ್ಧದಷ್ಟು ಜನ ವಾಸಿಸುವ ಪ್ರದೇಶ ಅದು. ಲೋಕದ ಇತಿಹಾಸದಲ್ಲಿ ಅಷ್ಟು ಜನರನ್ನು ಒಮ್ಮೆಲೇ ತಟ್ಟಿದ ವಿದ್ಯುತ್ ನಿಲುಗಡೆ ಅದುವರೆಗೆ ಆಗಿರಲಿಲ್ಲ. ದೆಹಲಿಯ ಮೆಟ್ರೋ ರೈಲುಗಳು ನಿಂತವು. ಆ ಎರಡು ದಿನಗಳು ಅಲ್ಲಿನ ಕನ್ನಡಿಗರಿಗೂ ನೆನಪಿರುತ್ತವೆ.

ಇಲ್ಲಿ ಪರದೆ ಕುರುಡಾಗಿರಲಿಲ್ಲ. ಅಪಾಯ ಕಾಣುತ್ತಿತ್ತು, ನಿಗದಿಗಿಂತ ಹೆಚ್ಚು ಸೆಳೆಯುವುದನ್ನು ಕಡಿಮೆ ಮಾಡಿರೆಂದು ಪ್ರಾದೇಶಿಕ ಕೇಂದ್ರಗಳು ರಾಜ್ಯಗಳ ಕೇಂದ್ರಗಳಿಗೆ ಸೂಚಿಸಿದ್ದವು. ಆ ಸೂಚನೆಗಳಿಗೆ ತಕ್ಕ ಸ್ಪಂದನೆ ದೊರೆಯಲಿಲ್ಲವೆಂಬುದು ವಿಚಾರಣಾ ಸಮಿತಿ ಎತ್ತಿ ತೋರಿಸಿದ ಕಾರಣಗಳಲ್ಲೊಂದು. ಒಹಾಯೋದಲ್ಲಿ ಕಣ್ಣು ಕೆಟ್ಟಿತ್ತು, ಇಲ್ಲಿ ಕಿವಿ.

ಅಂದು ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲಿ ದೀಪಗಳು ಉರಿಯುತ್ತಲೇ ಇದ್ದವು. ದಕ್ಷಿಣದ ಜಾಲ ಆಗ ಉಳಿದ ದೇಶದೊಡನೆ ಏಕಮುಖ ಪ್ರವಾಹದ ಕೊಂಡಿಗಳಿಂದ ಮಾತ್ರ ಬೆಸೆದುಕೊಂಡಿದ್ದು, ತನ್ನದೇ ಲಯದಲ್ಲಿ ನಡೆಯುತ್ತಿತ್ತು. 2013ರ ಡಿಸೆಂಬರ್ 31ರಂದು ಕರ್ನಾಟಕದ ರಾಯಚೂರಿಗೂ ಮಹಾರಾಷ್ಟ್ರದ ಸೊಲ್ಲಾಪುರಕ್ಕೂ ನಡುವೆ 765 ಕಿಲೋವೋಲ್ಟಿನ ತಂತಿ ಸೇರಿದೊಡನೆ ಇಡೀ ದೇಶ ಒಂದೇ ಮೇಟಿಗೆ ಬಂತು. ಕೊರತೆಯ ಕಾಲದಲ್ಲಿ ಒಬ್ಬರಿಗೊಬ್ಬರು ಆಗಿಬರುವ ಲಾಭ ಇದರಿಂದ ಬಹಳ. ಆದರೆ ಕೂಡುಕುಟುಂಬದಲ್ಲಿ ಒಬ್ಬರ ಜ್ವರ ಎಲ್ಲರಿಗೂ ತಗುಲುವ ಅಂಜಿಕೆಯೂ ಉಂಟು. ಆದುದರಿಂದಲೇ ಕಾವಲು ಇನ್ನಷ್ಟು ಚುರುಕಾಯಿತು. ಕೆಲವು ಸೆಕೆಂಡುಗಳಿಗೊಮ್ಮೆ ಬರುತ್ತಿದ್ದ ಮಾಹಿತಿಯ ಜೊತೆಗೆ, ಸೆಕೆಂಡಿಗೆ ಹತ್ತಾರು ಬಾರಿ ಜಾಲದ ಮಿಡಿತವನ್ನು ಅಳೆದು, ಉಪಗ್ರಹಗಳ ಗಡಿಯಾರದಿಂದ ಕಾಲ ಗುರುತಿಸಿ ಕಳುಹಿಸುವ ಅಳತೆಯ ಸಾಧನಗಳು ದೇಶದ ನಾನಾ ಉಪಕೇಂದ್ರಗಳಲ್ಲಿ ಸ್ಥಾಪನೆಯಾದವು.

ಕಳ್ಳನೇ ಕಾವಲುಗಾರನ ವೇಷದಲ್ಲಿ

ಈ ನಡುವೆ ಇನ್ನೊಂದು ಬಗೆಯ ಅಪಾಯ ತಲೆಯೆತ್ತಿತು. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಗಣಕಯಂತ್ರಗಳನ್ನು ದೂರದಲ್ಲಿ ಕುಳಿತ ದುಷ್ಕರ್ಮಿಗಳು ವಶಪಡಿಸಿಕೊಂಡರು. ಸಿಬ್ಬಂದಿಯ ಕಣ್ಣೆದುರಿನಲ್ಲಿಯೇ ಪರದೆಯ ಬಾಣದ ಗುರುತು ತಾನಾಗಿ ಸರಿದು ಒಂದೊಂದೇ ಸ್ವಿಚ್ಚನ್ನು ತೆರೆಯಿತು. ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ ನಿಂತಿತು. ನಿಯಂತ್ರಣ ಕೊಠಡಿಗೇ ಆಸರೆಯಾಗಿದ್ದ ಬ್ಯಾಟರಿ ವ್ಯವಸ್ಥೆಯನ್ನೂ ಅವರು ನಿಲ್ಲಿಸಿದ್ದರು. ಗ್ರಾಹಕರ ದೂರು ಕೇಳುವ ದೂರವಾಣಿಗಳಿಗೆ ಸುಳ್ಳು ಕರೆಗಳ ಮಳೆಗರೆದಿದ್ದರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಕೆ?

ಆದರೆ ಅಲ್ಲಿ ಕೆಲವೇ ಗಂಟೆಗಳಲ್ಲಿ ವಿದ್ಯುತ್ತು ಮರಳಿತು. ಹೇಗೆ? ಕೆಲಸಗಾರರು ಬಂಡಿ ಹತ್ತಿ ಉಪಕೇಂದ್ರಗಳಿಗೆ ಧಾವಿಸಿ, ಸ್ವಿಚ್ಚುಗಳನ್ನು ಕೈಯಿಂದ ಮುಚ್ಚಿದರು. ಗಣಕಯಂತ್ರವಿಲ್ಲದೆಯೂ ಕೆಲಸ ಮಾಡಬಲ್ಲ ಹಳೆಯ ಕೈಗಳು ಅಲ್ಲಿ ಉಳಿದಿದ್ದವು. ನಿಯಂತ್ರಣದ ಗಣಕಜಾಲವನ್ನು ಕಚೇರಿಯ ಜಾಲದಿಂದ ಬೇರ್ಪಡಿಸುವುದು, ಬರುವ ಹೋಗುವ ಮಾಹಿತಿಯನ್ನು ತಪಾಸಣೆ ಮಾಡುವುದು ಎಲ್ಲವೂ ಅಗತ್ಯ. ಅವುಗಳಷ್ಟೇ ಅಗತ್ಯವಾದುದು ಈ ಹಳೆಯ ವಿದ್ಯೆಯನ್ನು ಮರೆಯದಿರುವುದು.

ಕೊನೆಗೆ ಉಳಿಯುವವನು ಮನುಷ್ಯ

ಹಬ್ಬವಿರಲಿ, ಹುಣ್ಣಿಮೆಯಿರಲಿ, ನಿಯಂತ್ರಣ ಕೊಠಡಿಗೆ ರಜೆಯಿಲ್ಲ. ಪಾಳಿಯ ಮೇಲೆ ಪಾಳಿ. ರಾತ್ರಿ ಪಾಳಿ ದೇಹದ ಸಹಜ ಲಯಕ್ಕೆ ವಿರುದ್ಧವಾದುದೆಂಬುದು ವೈದ್ಯಲೋಕಕ್ಕೆ ತಿಳಿದ ವಿಷಯ. ಸತತವಾಗಿ 17 ಗಂಟೆ ಎಚ್ಚರವಾಗಿದ್ದವರ ಚುರುಕು, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯವಿರುವವರ ಚುರುಕಿನ ಮಟ್ಟಕ್ಕೆ ಇಳಿಯುವುದೆಂದು 1997ರ ಪ್ರಯೋಗವೊಂದು ತೋರಿಸಿತು. ಕೋಟಿ ಕೋಟಿ ಬೆಲೆಯ ಗಣಕಯಂತ್ರಗಳಿಗೆ ತಂಪು ಗಾಳಿಯ ವ್ಯವಸ್ಥೆ ಮಾಡಿ, ಅವುಗಳ ಮುಂದೆ ಕುಳಿತವರ ನಿದ್ದೆ, ಊಟ, ವಿಶ್ರಾಂತಿಗಳನ್ನು ಮರೆತರೆ ವ್ಯವಸ್ಥೆಯ ಅರ್ಧಭಾಗವನ್ನು ಕೈಬಿಟ್ಟಂತೆ. ಇದರೊಂದಿಗೆ ಅಭ್ಯಾಸವೂ ಬೇಕು. ವಿಮಾನ ಚಾಲಕರು ನೆಲದ ಮೇಲಿನ ಅಣಕು ವಿಮಾನದಲ್ಲಿ ಅಪಘಾತಗಳನ್ನು ಎದುರಿಸಿ ಕಲಿಯುವಂತೆ, ಇವರೂ ಅಣಕು ಜಾಲದಲ್ಲಿ ಕುಸಿತವನ್ನು ಕಂಡು, ಕತ್ತಲಿನಿಂದ ಮೊದಲ ದೀಪವನ್ನು ಹೊತ್ತಿಸುವ ಕ್ರಮವನ್ನು ರೂಢಿಸಿಕೊಳ್ಳಬೇಕು. ಪರದೆಗೂ ದೂರವಾಣಿಯ ದನಿಗೂ ವಿರೋಧ ಬಂದಾಗ, ಪರದೆಯನ್ನು ಸಂಶಯಿಸುವ ಧೈರ್ಯವೂ ಈ ಶಿಕ್ಷಣದ ಭಾಗವೇ.

ಮಹಾನಗರದ ಮನೆಗಳಿಗೂ ಇಲ್ಲೊಂದು ಸೂಚನೆಯಿದೆ. 2020ರ ಅಕ್ಟೋಬರ್ 12ರ ಬೆಳಗ್ಗೆ ಮುಂಬಯಿಯಲ್ಲಿ ವಿದ್ಯುತ್ ಕೈಕೊಟ್ಟು ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. ಅಂಥ ದಿನ ಎಲ್ಲಿಯೂ ಬರಬಹುದು. ಮನೆಯಲ್ಲಿ ಆಮ್ಲಜನಕದ ಯಂತ್ರವನ್ನೋ ಉಸಿರಾಟದ ಯಂತ್ರವನ್ನೋ ನಂಬಿದ ರೋಗಿಯಿದ್ದರೆ, ಅದಕ್ಕೆ ಬದಲಿ ಬ್ಯಾಟರಿ ಅಥವಾ ಸಿಲಿಂಡರು ಇದೆಯೇ, ತುಂಬಿದೆಯೇ, ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ತಿಂಗಳಿಗೊಮ್ಮೆ ನಡೆಸಿಯೇ ನೋಡಬೇಕು. ಇನ್ಸುಲಿನ್ನನ್ನು ಕೆಲವು ಗಂಟೆಗಳ ಕಾಲ ತಂಪಾಗಿಡುವ ಉಪಾಯ ತಿಳಿದಿರಬೇಕು. ಲಿಫ್ಟು ನಿಂತ ದಿನ ಎಂಟನೆಯ ಮಹಡಿಯ ವೃದ್ಧರನ್ನು ವಿಚಾರಿಸುವವರು ಯಾರೆಂದು ನೆರೆಹೊರೆಯವರು ಮೊದಲೇ ಮಾತಾಡಿಕೊಂಡಿರಬೇಕು. ದೊಡ್ಡ ಜಾಲಕ್ಕೆ ಹೇಳಿದ ನೀತಿಯೇ ಸಣ್ಣ ಮನೆಗೂ: ಬದಲಿ ಇದ್ದರೆ ಸಾಲದು, ಅದು ನಡೆಯುವುದನ್ನು ನೋಡಿರಬೇಕು.

ಊರು ಮಲಗಿದ ಮೇಲೆ "ಎಚ್ಚರ! ಎಚ್ಚರ!" ಎಂದು ಕೂಗುತ್ತ ಕೋಲು ಕುಟ್ಟಿ ನಡೆಯುವ ಗೂರ್ಖನ ದನಿಯನ್ನು ಹಳೆಯ ಬಡಾವಣೆಗಳಲ್ಲಿ ಬಾಳಿದವರು ಕೇಳಿರುತ್ತಾರೆ. ಆ ಕೂಗು ಕಳ್ಳರನ್ನು ಹೆದರಿಸಲು ಮಾತ್ರವಲ್ಲ. ತಾನು ಎಚ್ಚರವಾಗಿದ್ದೇನೆಂದು ಮಲಗಿದವರಿಗೆ ತಿಳಿಸಲು ಕೂಡ. ಅದು ಕೇಳಿಸದ ರಾತ್ರಿ ಮನೆಯ ಹಿರಿಯರು ತಾವೇ ಎದ್ದು ಬಾಗಿಲ ಚಿಲಕವನ್ನು ಮುಟ್ಟಿ ನೋಡುತ್ತಿದ್ದರು. ಲಕ್ಷಾಂತರ ಮೆಗಾವ್ಯಾಟುಗಳನ್ನು ಕಾಯುವ ಆಧುನಿಕ ಕೊಠಡಿಗಳಿಗೂ ಇದಕ್ಕಿಂತ ದೊಡ್ಡ ಪಾಠ ಬೇಕಾಗಿಲ್ಲ.